ಸಾಲ ಹರಿಸಿಕೊಡುವವರು: ನೂರೈವತ್ತು ವರುಷದ ಅನುಭವ

ನಮ್ಮ ಸಂಘವು ಇಪ್ಪತ್ತೈದು ವರುಷಗಳನ್ನು ಪೂರೈಸಿ ಬೆಳ್ಳಿಹಬ್ಬ ಆಚರಿಸುತ್ತಿರುವ ಈ ಶುಭ ಸಂದರ್ಭದಲ್ಲಿ ಸಂಘ ಹುಟ್ಟಿದ ಬಗೆ, ಬೆಳೆದ ಬಗೆ, ಕೊಟ್ಟ ಸಾಲ, ಕಟ್ಟಿದ ಗೋದಾಮು ಇವುಗಳ ವಿವರ ಈ ಸಂಚಿಕೆಯ ಬೇರೆ ಪುಟಗಳಲ್ಲಿ ನಿಮಗೆ ಸಿಗುತ್ತದೆ. ಆದ್ದರಿಂದ ಸಾಲ ಕೊಡುವ ಕಥೆಯನ್ನು ಇಲ್ಲಿ ಮತ್ತೆ ಹೇಳುವುದಿಲ್ಲ. ಸಾಲ ಹರಿಯುವ ಕಥೆಯನ್ನು ಹೇಳಬೇಕೆಂದಿದ್ದೇನೆ.

ಇದಕ್ಕೆ ಕಾರಣವಿದೆ. ಇತ್ತೀಚಿನ ವರುಷಗಳಲ್ಲಿ ನಮ್ಮೂರಿನಂಥ ಊರುಗಳಿಗೂ ಒಂದು ಹೊಸ ಬಗೆಯ ಫೋನು ಬರತೊಡಗಿದೆ. ಆ ಕಡೆಯವರು ಬಹಳ ಮರ್ಯಾದೆಯಿಂದ ಮಾತಾಡುತ್ತಾರೆ. "ಅಣ್ಣಾರ, ನಿಮ್ಮ ಎಲ್ಲಾ ಸಾಲ ಅರ್ಧಕ್ಕ ಸೆಟ್ಲ್ ಮಾಡಿಸಿ ಕೊಡ್ತೀವ್ರಿ. ಇವತ್ತಿಂದ ಕಂತು ಕಟ್ಟಬ್ಯಾಡ್ರಿ. ನಮ್ಮ ಫೀ ಅಷ್ಟು ಮೊದಲ ಹಾಕ್ರಿ, ಉಳಿದದ್ದು ನಾವು ನೋಡ್ಕೋತೀವಿ" ಎನ್ನುತ್ತಾರೆ. ಮೈಕ್ರೋ ಫೈನಾನ್ಸ್ ಕಂತು, ಟ್ರ್ಯಾಕ್ಟರ್ ಕಂತು, ಮೊಬೈಲ್ ಆ್ಯಪಿನ ಸಾಲ ಎಂದು ನಾಲ್ಕು ಕಡೆಯಿಂದ ಜಗ್ಗಿಸಿಕೊಳ್ಳುತ್ತಿರುವ ಮನುಷ್ಯನಿಗೆ ಈ ಮಾತು ಬಿಸಿಲಾಗಿನ ನೆರಳಿನಂತೆ ಕಾಣುತ್ತದೆ. ಅದು ಮರದ ನೆರಳೋ, ಮೋಡದ ನೆರಳೋ ಎಂದು ನೋಡುವ ತಾಳ್ಮೆ ಆಗ ಇರುವುದಿಲ್ಲ.

ಸಾಲ ಹರಿಸಿಕೊಡುತ್ತೇವೆಂದು ಬರುವವರು ನಮ್ಮ ನಾಡಿಗೆ ಹೊಸಬರಲ್ಲ. ನೂರೈವತ್ತು ವರುಷಗಳಿಂದ ಸರಕಾರ, ಕೋರ್ಟು, ಮಂಡಳಿ, ಸಂಘ ಹೀಗೆ ಒಬ್ಬರಾದ ಮೇಲೊಬ್ಬರು ಬಂದಿದ್ದಾರೆ. ಕೆಲವರು ನಿಜವಾಗಿ ಹರಿಸಿಕೊಟ್ಟರು, ಕೆಲವರು ಅರ್ಧದಲ್ಲಿ ಕೈಬಿಟ್ಟರು. ಯಾರಿಂದ ರೈತನಿಗೆ ಒಳ್ಳೆಯದಾಯಿತು, ಅದಕ್ಕೆ ಕಾರಣವೇನು ಎಂದು ನೋಡಿದರೆ, ಇಂದು ಫೋನು ಮಾಡುವವರನ್ನು ಅಳೆಯುವುದಕ್ಕೆ ಒಂದು ಅಳತೆಗೋಲು ನಮ್ಮ ಕೈಗೆ ಸಿಗುತ್ತದೆ.

ಕಾಗದ ಸುಟ್ಟ ವರುಷ

ಆಗ ನಮ್ಮ ಧಾರವಾಡ, ಬೆಳಗಾವಿ, ವಿಜಾಪುರ ಜಿಲ್ಲೆಗಳು ಮುಂಬಯಿ ಪ್ರಾಂತ್ಯದಲ್ಲಿದ್ದವು. 1861ರಿಂದ 1865ರವರೆಗೆ ಅಮೆರಿಕದಲ್ಲಿ ಅಂತರ್ಯುದ್ಧ ನಡೆದು ಅಲ್ಲಿನ ಹತ್ತಿ ಇಂಗ್ಲೆಂಡಿಗೆ ಹೋಗುವುದು ನಿಂತಿತು. ನಮ್ಮ ಕಡೆಯ ಹತ್ತಿಗೆ ಎಂದೂ ಇಲ್ಲದ ಧಾರಣೆ ಬಂತು. ಬೆಲೆ ಇದ್ದಾಗ ಸಾಹುಕಾರರೂ ಕೈಬಿಚ್ಚಿ ಸಾಲ ಕೊಟ್ಟರು, ರೈತರೂ ತೆಗೆದುಕೊಂಡರು. ಯುದ್ಧ ಮುಗಿಯಿತು, ಧಾರಣೆ ಬಿತ್ತು. ಅದರ ಮೇಲೆ ಹೊಸ ಮೋಜಣಿಯಾಗಿ ಹಲವು ಕಡೆ ಭೂಕಂದಾಯವೂ ಏರಿತು. ಸಾಲ ಮಾತ್ರ ಇದ್ದಲ್ಲೇ ಇರಲಿಲ್ಲ, ಬೆಳೆಯುತ್ತ ಹೋಯಿತು.

ಅದು ಬೆಳೆದ ಬಗೆಯನ್ನು ನಾವು ತಿಳಿದುಕೊಳ್ಳಬೇಕು. ಸಾಲದ ಕರಾರುಪತ್ರಕ್ಕೆ ಮೂರು ವರುಷ ಮಾತ್ರ ಆಯುಷ್ಯ ಎಂದು 1859ರಲ್ಲಿ ಒಂದು ಕಾಯದೆಯಾಗಿತ್ತು. ಬಡ್ಡಿ ಗುಡ್ಡೆಯಾಗದಿರಲಿ ಎಂಬುದು ಅದರ ಉದ್ದೇಶ. ಆದರೆ ಸಾಹುಕಾರ ಏನು ಮಾಡಿದ? ಮೂರು ವರುಷ ತುಂಬುತ್ತಲೇ ರೈತನನ್ನು ಕರೆದು, ಹಳೆಯ ಅಸಲು, ಹಳೆಯ ಬಡ್ಡಿ ಎರಡನ್ನೂ ಕೂಡಿಸಿ ಹೊಸ ಅಸಲು ಎಂದು ಬರೆದು ಹೆಬ್ಬೆಟ್ಟು ಒತ್ತಿಸಿಕೊಂಡ. ಬಡ್ಡಿಯ ಮೇಲೆ ಬಡ್ಡಿ ಏರಿತು. ಓದು ಬಾರದ ರೈತನಿಗೆ ಹಳೆಯ ಸಾಲ ಮುಗಿಯಿತೆಂಬ ಸಮಾಧಾನವಷ್ಟೇ ಸಿಕ್ಕಿತು. ಇಂದು ಹಳೆಯ ಸಾಲಕ್ಕೆ 'ಟಾಪ್ ಅಪ್' ಎಂದು ಹೊಸ ಸಾಲ ಕಟ್ಟುವುದನ್ನು ನೋಡಿದವರಿಗೆ ಇದು ತೀರ ಹೊಸತೆನಿಸುವುದಿಲ್ಲ.

1875ರ ಮೇ 12ರಂದು ಪುಣೆ ಜಿಲ್ಲೆಯ ಸೂಪೆ ಎಂಬ ಪೇಟೆಯ ಊರಿನಲ್ಲಿ ಸುತ್ತಲಿನ ರೈತರು ಕೂಡಿ ಸಾಹುಕಾರರ ಮನೆ, ಅಂಗಡಿಗಳ ಮೇಲೆ ಬಿದ್ದರು. ಗಲಭೆ ಪುಣೆ, ಅಹಮದನಗರ ಜಿಲ್ಲೆಗಳ ಹಲವು ಊರುಗಳಿಗೆ ಹಬ್ಬಿತು. ರೈತರು ಮುಖ್ಯವಾಗಿ ಬೇಡಿದ್ದು ಸಾಲಪತ್ರಗಳನ್ನು ಮತ್ತು ಲೆಕ್ಕದ ಪುಸ್ತಕಗಳನ್ನು. ಸಿಕ್ಕವನ್ನು ಸುಟ್ಟುಹಾಕಿದರು. ತಮ್ಮನ್ನು ಕಟ್ಟಿಹಾಕಿದ್ದು ತಮಗೆ ತಿಳಿಯದ ಬರಹ ಎಂಬುದು ಅವರಿಗೆ ಗೊತ್ತಿತ್ತು. ಇದೇ ಇತಿಹಾಸದಲ್ಲಿ ದಖ್ಖನ್ ರೈತರ ದಂಗೆ ಎಂದು ಹೆಸರಾಯಿತು.

ಸರಕಾರ ವಿಚಾರಣಾ ಆಯೋಗ ನೇಮಿಸಿತು. ಅದರ ಫಲವಾಗಿ 1879ರಲ್ಲಿ ದಖ್ಖನ್ ಕೃಷಿಕರ ಪರಿಹಾರ ಕಾಯದೆ ಬಂತು. ಮೊದಲು ಪುಣೆ, ಸಾತಾರಾ, ಸೊಲ್ಲಾಪುರ, ಅಹಮದನಗರ ಜಿಲ್ಲೆಗಳಿಗೆ ಬಂದ ಈ ಕಾಯದೆಯ ಕೆಲವು ಭಾಗಗಳನ್ನು ಮುಂದೆ ಪ್ರಾಂತ್ಯದ ಬೇರೆ ಜಿಲ್ಲೆಗಳಿಗೂ ವಿಸ್ತರಿಸಿದರು.

ಮೊದಲ ಪಾಠ: ಬುಡದಿಂದ ಲೆಕ್ಕ

ಈ ಕಾಯದೆಯಲ್ಲಿ ಇಂದಿಗೂ ನೆನಪಿಡಬೇಕಾದ ನಾಲ್ಕು ಸಂಗತಿಗಳಿದ್ದವು. ಒಂದು, ಸಾಲದ ದಾವೆ ಬಂದಾಗ ಕೋರ್ಟು ಕೊನೆಯ ಕಾಗದವನ್ನಷ್ಟೇ ನೋಡದೆ ವ್ಯವಹಾರದ ಬುಡಕ್ಕೆ ಹೋಗಿ, ಅಸಲು ಎಷ್ಟು, ಬಡ್ಡಿ ಎಷ್ಟು, ಕಟ್ಟಿದ್ದು ಎಷ್ಟು ಎಂದು ಬಿಡಿಸಿ ನೋಡಬೇಕು. ಎರಡು, ಹಣ ಪಡೆದ ಸಾಹುಕಾರ ಪಾವತಿ ಚೀಟಿ ಕೊಡಬೇಕು, ಕೇಳಿದರೆ ವರುಷದ ಲೆಕ್ಕ ಕೊಡಬೇಕು. ಮೂರು, ರೈತ ಬರೆದುಕೊಡುವ ಸಾಲಪತ್ರ ಗ್ರಾಮದ ನೋಂದಣಿ ಅಧಿಕಾರಿಯ ಎದುರಿಗೆ ಆಗಬೇಕು. ನಾಲ್ಕು, ದಾವೆಗೆ ಮೊದಲು ಇಬ್ಬರನ್ನೂ ಕೂಡಿಸಿ ರಾಜಿ ಮಾಡಿಸುವುದಕ್ಕೆ ಸರಕಾರವೇ ಜನರನ್ನು ನೇಮಿಸಬೇಕು. ಸಾಲಕ್ಕಾಗಿ ರೈತನನ್ನು ಜೈಲಿಗೆ ಕಳಿಸುವುದನ್ನೂ ಈ ಕಾಯದೆ ತಡೆಯಿತು.

ಬಡ್ಡಿ ಎಷ್ಟೇ ಏರಿದರೂ ಒಂದೇ ಸಲಕ್ಕೆ ಅಸಲಿಗಿಂತ ಹೆಚ್ಚು ವಸೂಲು ಮಾಡಬಾರದೆಂಬ 'ದಾಮದುಪ್ಪಟ್ಟು' ಎಂಬ ಹಳೆಯ ನ್ಯಾಯ ಮುಂಬಯಿ ಪ್ರಾಂತ್ಯದ ಕೋರ್ಟುಗಳಲ್ಲಿ ಮೊದಲೇ ಮಾನ್ಯವಾಗಿತ್ತು. ಹಿರಿಯರ ಬಾಯಲ್ಲಿ ಈ ಮಾತನ್ನು ಕೇಳಿದವರು ಇನ್ನೂ ಇದ್ದಾರೆ.

ಕಾಯದೆಯ ಸುತ್ತು ಹಾಕಿಕೊಂಡು ಹೋಗುವ ದಾರಿಯನ್ನೂ ಸಾಲಿಗರು ಹುಡುಕಿದರು. ಸಾಲಪತ್ರದ ಬದಲು ಹೊಲದ ಖರೀದಿ ಪತ್ರವನ್ನೇ ಬರೆಸಿಕೊಳ್ಳತೊಡಗಿದರು. "ಬರೇ ಹೆಸರಿಗೆ ಬರಕೊಡಪಾ, ರೊಕ್ಕ ತಿರುಗಿ ಕೊಟ್ಟಂದ ಹೊಲ ನಿಂದ" ಎಂಬ ಬಾಯಿಮಾತಿನ ಮೇಲೆ ಹೊಲಗಳು ಹೋದವು. ಬಾಯಲ್ಲಿ ಒಂದು, ಕಾಗದದಲ್ಲಿ ಇನ್ನೊಂದು ಇದ್ದರೆ ಕೊನೆಗೆ ನಿಲ್ಲುವುದು ಕಾಗದ ಎಂಬುದನ್ನು ರೈತ ತನ್ನ ಹೊಲ ಕಳೆದುಕೊಂಡು ಕಲಿತ.

ಎರಡನೆಯ ಪಾಠ: ಕಣಗಿನಹಾಳ

ಹಳೆಯ ಸಾಲ ಹರಿದರೂ ಮುಂದಿನ ಮುಂಗಾರಿಗೆ ಬೀಜಕ್ಕೆ ರೊಕ್ಕ ಎಲ್ಲಿಂದ? ಮತ್ತೆ ಅದೇ ಸಾಹುಕಾರನ ಕಟ್ಟೆಗೆ ಹೋಗಬೇಕಾದರೆ ಹರಿದ ಸಾಲ ಹರಿದಂತೆಯೇ ಅಲ್ಲ. ಜರ್ಮನಿಯಲ್ಲಿ ರೈಫೈಸನ್ ಎಂಬ ಮಹನೀಯರು ಹಳ್ಳಿಗರನ್ನು ಕೂಡಿಸಿ ಪರಸ್ಪರ ಹೊಣೆಯ ಮೇಲೆ ಸಾಲ ಕೊಡುವ ಸಂಘಗಳನ್ನು ಕಟ್ಟಿದ್ದರು. ಮದ್ರಾಸಿನಲ್ಲಿ ಫ್ರೆಡರಿಕ್ ನಿಕಲ್ಸನ್ ಅವರು ಆ ದಾರಿಯೇ ನಮಗೂ ತಕ್ಕದ್ದೆಂದು ವರದಿ ಕೊಟ್ಟರು. 1904ರಲ್ಲಿ ಸಹಕಾರಿ ಪತ್ತಿನ ಸಂಘಗಳ ಕಾಯದೆ ಬಂತು. ಮರುವರುಷವೇ, 1905ರಲ್ಲಿ, ಗದಗ ತಾಲೂಕಿನ ಕಣಗಿನಹಾಳದಲ್ಲಿ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರ ಮುಂದಾಳುತನದಲ್ಲಿ ದೇಶದ ಮೊದಲ ಕೃಷಿ ಪತ್ತಿನ ಸಹಕಾರ ಸಂಘವೆಂದು ಹೆಸರಾದ ಸಂಘ ಹುಟ್ಟಿತು. ಈ ಅಭಿಮಾನ ಕನ್ನಡ ನಾಡಿನ ಪ್ರತಿಯೊಂದು ಸಂಘದ್ದು. ಮೈಸೂರು ಸಂಸ್ಥಾನದಲ್ಲಿಯೂ ಅದೇ 1905ರಲ್ಲಿ ಸಹಕಾರ ಕಾಯದೆ ಬಂತು.

ಆಗಿನ ಹಳ್ಳಿಯ ಸಂಘಗಳಲ್ಲಿ ಸದಸ್ಯರ ಹೊಣೆ ಅಪರಿಮಿತವಾಗಿತ್ತು. ಒಬ್ಬ ಮುಳುಗಿದರೆ ಎಲ್ಲರ ಆಸ್ತಿಗೂ ಪೆಟ್ಟು. ಹೀಗಾಗಿ ಯಾರಿಗೆ ಎಷ್ಟು ಸಾಲ, ಯಾತಕ್ಕೆ ಸಾಲ, ಎಷ್ಟು ಕಟ್ಟಿದ ಎಂಬುದು ಎಲ್ಲರಿಗೂ ತಿಳಿದಿರಬೇಕಿತ್ತು. ಸಾಹುಕಾರನ ಪುಸ್ತಕ ಕೆಂಪು ಬಟ್ಟೆಯಲ್ಲಿ ಸುತ್ತಿ ಪೆಟ್ಟಿಗೆಯಲ್ಲಿರುತ್ತಿತ್ತು. ಸಂಘದ ಪುಸ್ತಕ ಹತ್ತು ಮಂದಿಯ ಎದುರಿಗೆ ಬಿಚ್ಚಬೇಕಾದ ಪುಸ್ತಕ. ಸಹಕಾರ ಚಳುವಳಿಯ ದೊಡ್ಡ ಕೊಡುಗೆ ಕಡಿಮೆ ಬಡ್ಡಿ ಎನ್ನುತ್ತಾರೆ. ಬಿಚ್ಚಿಟ್ಟ ಲೆಕ್ಕದ ಪುಸ್ತಕ ಅದಕ್ಕಿಂತ ದೊಡ್ಡ ಕೊಡುಗೆ ಎಂದು ನನ್ನ ಎಣಿಕೆ.

ಹಳೆಯ ಸಾಲ ಬಿಡಿಸಿಕೊಳ್ಳಲು ದೀರ್ಘಾವಧಿಯ ಹಣ ಬೇಕಾಯಿತು. ಅದಕ್ಕಾಗಿ ಭೂ ಅಡವಿನ ಬ್ಯಾಂಕುಗಳು ಬಂದವು. ಮೈಸೂರಿನ ಕೇಂದ್ರ ಭೂ ಅಡವಿನ ಬ್ಯಾಂಕು 1929ರಲ್ಲಿ ಆರಂಭವಾಯಿತು. ಇಂದಿನ ರಾಜ್ಯ ಸಹಕಾರ ಕೃಷಿ ಮತ್ತು ಗ್ರಾಮೀಣ ಅಭಿವೃದ್ಧಿ ಬ್ಯಾಂಕಿನ ಮೂಲ ಅದೇ.

ಮೂರನೆಯ ಪಾಠ: ಋಣ ಮಂಡಳಿಗಳ ಕಾಲ

1929ರಲ್ಲಿ ಜಗತ್ತಿನ ಆರ್ಥಿಕ ಕುಸಿತ ಆರಂಭವಾಗಿ ದವಸದ ಧಾರಣೆ ನೆಲಕಚ್ಚಿತು. ಸಾಲದ ಅಂಕಿ ಹಾಗೇ ಉಳಿಯಿತು. ಮೊದಲು ಹತ್ತು ಚೀಲ ಮಾರಿ ಹರಿಸಬಹುದಾದ ಸಾಲಕ್ಕೆ ಈಗ ಇಪ್ಪತ್ತು ಚೀಲವೂ ಸಾಲದಾಯಿತು. ಆಗ ಒಂದೊಂದೇ ಪ್ರಾಂತ್ಯ ಸಾಲ ರಾಜಿಯ ಕಾಯದೆ ಮಾಡಿತು. ಮಧ್ಯಪ್ರಾಂತ್ಯದಲ್ಲಿ 1933ರಲ್ಲಿ, ಬಂಗಾಳದಲ್ಲಿ 1935ರಲ್ಲಿ, ಮದ್ರಾಸಿನಲ್ಲಿ 1936ರಲ್ಲಿ ಇಂಥ ಕಾಯದೆಗಳಾದವು. ಬಂಗಾಳದ ಹಳ್ಳಿಗಳಲ್ಲಿ ಕೂತ ಮಂಡಳಿಗಳ ಹೆಸರೇ 'ಋಣ ಸಾಲಿಶಿ ಬೋರ್ಡು', ಅಂದರೆ ಸಾಲ ಇತ್ಯರ್ಥದ ಮಂಡಳಿ. ಇಂದಿನ ಕಂಪನಿಗಳು ಹೇಳಿಕೊಳ್ಳುವ ಕೆಲಸವನ್ನು ಅವು ತೊಂಬತ್ತು ವರುಷದ ಹಿಂದೆಯೇ ಮಾಡಿದವು.

ಕನ್ನಡ ನಾಡು ಆಗ ಹರಿದು ಹಂಚಿಹೋಗಿತ್ತು. ಬಳ್ಳಾರಿ, ದಕ್ಷಿಣ ಕನ್ನಡ ಮದ್ರಾಸಿನಲ್ಲಿದ್ದವು. ಅಲ್ಲಿ ರಾಜಾಜಿಯವರ ಸರಕಾರ 1938ರಲ್ಲಿ ತಂದ ಕೃಷಿಕರ ಪರಿಹಾರ ಕಾಯದೆ ಹಳೆಯ ಸಾಲಗಳ ಬಾಕಿ ಬಡ್ಡಿಯನ್ನು ಅಳಿಸಿತು. ಅಸಲಿನ ಎರಡು ಪಟ್ಟು ಕಟ್ಟಿದವನ ಸಾಲ ಪೂರ್ತಿ ಹರಿಯಿತೆಂದೇ ಲೆಕ್ಕ ಹಾಕಿತು. ಮೈಸೂರಿನಲ್ಲಿ 1928ರಲ್ಲಿಯೇ ಕೃಷಿಕರ ಪರಿಹಾರ ಕಾಯದೆ ಬಂದಿತ್ತು. ನಮ್ಮ ಮುಂಬಯಿ ಕರ್ನಾಟಕದಲ್ಲಿ 1939ರಲ್ಲಿ, ಮತ್ತೆ 1947ರಲ್ಲಿ ಕೃಷಿ ಸಾಲಗಾರರ ಪರಿಹಾರ ಕಾಯದೆಗಳು ಬಂದವು. ಸಾಲಗಾರನ ತೀರಿಸುವ ಶಕ್ತಿಯನ್ನು ನೋಡಿ ಸಾಲವನ್ನು ಇಳಿಸಿ ಕಂತು ಕಟ್ಟಿಕೊಟ್ಟರು. ಗೊತ್ತುಪಡಿಸಿದ ಅವಧಿಯಲ್ಲಿ ಅರ್ಜಿಯೇ ಬಾರದಿದ್ದ ಸಾಲ ಅಳಿದುಹೋಗುವಂತೆ 1947ರ ಕಾಯದೆ ವಿಧಿಸಿತು. ಹೀಗಾಗಿ ಬಚ್ಚಿಟ್ಟ ಪುಸ್ತಕಗಳು ಹೊರಗೆ ಬಂದವು.

ಈ ಮಂಡಳಿ, ಕೋರ್ಟುಗಳಿಗೆ ಬಲ ಬಂದದ್ದು ಎಲ್ಲಿಂದ? ಸಾಲ ಕೊಟ್ಟವನನ್ನು ಕರೆಸುವ, ಅವನ ಲೆಕ್ಕ ನೋಡುವ, ಅವನು ಒಪ್ಪಬೇಕಾದ ತೀರ್ಪು ಬರೆಯುವ ಅಧಿಕಾರ ಅವುಗಳಿಗಿತ್ತು. ಸಾಲಗಾರನ ಕಡೆ ಕೂತು "ನಾನು ನೋಡ್ಕೋತೀನಿ" ಎನ್ನುವವರಾಗಿ ಅವರು ಬರಲಿಲ್ಲ. ಅಷ್ಟಾದರೂ ಒಂದು ಕೊರತೆ ಕಂಡಿತು. ಬಂಗಾಳದಲ್ಲಿ ಮಂಡಳಿಗಳು ಬಂದ ಮೇಲೆ ಸಾಹುಕಾರರು ಹೊಸ ಸಾಲ ಕೊಡುವುದನ್ನೇ ಕಡಿಮೆ ಮಾಡಿದರು. ಅದರ ಬದಲಿಗೆ ನಿಲ್ಲುವಷ್ಟು ಸಂಘಗಳು ಇರಲಿಲ್ಲ. 1951-52ರಲ್ಲಿ ನಡೆದ ಅಖಿಲ ಭಾರತ ಗ್ರಾಮೀಣ ಸಾಲ ಸಮೀಕ್ಷೆಯ ವರದಿ 1954ರಲ್ಲಿ ಹೊರಬಂದಾಗ, ರೈತರು ತೆಗೆದುಕೊಂಡ ನೂರು ರೂಪಾಯಿ ಸಾಲದಲ್ಲಿ ಸಹಕಾರ ಸಂಘಗಳದ್ದು ಸುಮಾರು ಮೂರು ರೂಪಾಯಿ, ಸಾಹುಕಾರರದ್ದು ಸುಮಾರು ಎಪ್ಪತ್ತು ರೂಪಾಯಿ ಎಂದು ಕಂಡುಬಂತು. ಗೋರವಾಲಾ ಅವರ ಅಧ್ಯಕ್ಷತೆಯ ಆ ಸಮಿತಿ ಸಹಕಾರ ಸೋತಿದೆಯೆಂದು ಒಪ್ಪಿಕೊಂಡೇ, ಅದು ಗೆಲ್ಲದೆ ಗತಿಯಿಲ್ಲ ಎಂದು ಸಾರಿತು.

ನಾಲ್ಕನೆಯ ಪಾಠ: ಋಣ ಪರಿಹಾರ ಮತ್ತು ಮನ್ನಾ

ರಾಜ್ಯಗಳು ಕೂಡಿದ ಮೇಲೆ ನಮಗೆಲ್ಲ 1959ರ ಸಹಕಾರ ಸಂಘಗಳ ಕಾಯದೆ, 1961ರ ಲೇವಾದೇವಿದಾರರ ಕಾಯದೆ ಬಂದವು. ದೇವರಾಜ ಅರಸರು ಮುಖ್ಯಮಂತ್ರಿಯಾಗಿದ್ದಾಗ 1976ರಲ್ಲಿ ಕರ್ನಾಟಕ ಋಣ ಪರಿಹಾರ ಕಾಯದೆಯಾಯಿತು. ಸಣ್ಣ ರೈತರು, ಭೂಹೀನ ಕೂಲಿಕಾರರು, ದುರ್ಬಲ ವರ್ಗದವರು ಖಾಸಗಿ ಸಾಹುಕಾರರಿಗೆ ಕೊಡಬೇಕಾಗಿದ್ದ ಸಾಲ ಅಳಿಯಿತು. ಒತ್ತೆ ಇಟ್ಟ ಒಡವೆ, ಪಾತ್ರೆಗಳನ್ನು ತಿರುಗಿ ಕೊಡಬೇಕಾಯಿತು. ಅದೇ ವರುಷ ಜೀತ ಪದ್ಧತಿಯನ್ನು ರದ್ದು ಮಾಡುವ ಕೇಂದ್ರ ಕಾಯದೆಯೂ ಆಯಿತು. ಬ್ಯಾಂಕು ಮತ್ತು ಸಹಕಾರ ಸಂಘಗಳ ಸಾಲಕ್ಕೆ ಋಣ ಪರಿಹಾರ ಕಾಯದೆ ತಾಗಲಿಲ್ಲ.

ಅನಂತರ ಬ್ಯಾಂಕು, ಸಂಘಗಳ ಸಾಲಕ್ಕೂ ಮನ್ನಾ ಯೋಜನೆಗಳು ಬಂದವು. 1990ರಲ್ಲಿ ವಿ.ಪಿ. ಸಿಂಗ್ ಸರಕಾರ ಹತ್ತು ಸಾವಿರ ರೂಪಾಯಿವರೆಗೆ ಪರಿಹಾರ ಕೊಟ್ಟಿತು. 2008ರ ಕೇಂದ್ರದ ಯೋಜನೆಯಲ್ಲಿ ಸಣ್ಣ ಮತ್ತು ಅತಿಸಣ್ಣ ರೈತರ ಅರ್ಹ ಸಾಲ ಪೂರ್ತಿ ಮನ್ನಾ ಆಯಿತು, ಉಳಿದವರಿಗೆ ಮುಕ್ಕಾಲು ಭಾಗ ಕಟ್ಟಿದರೆ ಕಾಲು ಭಾಗ ಬಿಟ್ಟರು. ನಮ್ಮ ರಾಜ್ಯದಲ್ಲಿ 2017ರಲ್ಲಿ ಸಹಕಾರ ಸಂಘಗಳ ಸಾಲದಲ್ಲಿ 50,000 ರೂಪಾಯಿವರೆಗೆ, 2018ರಲ್ಲಿ ಸಂಘಗಳ ಸಾಲದಲ್ಲಿ ಒಂದು ಲಕ್ಷದವರೆಗೆ, ಬ್ಯಾಂಕು ಸಾಲದಲ್ಲಿ ಎರಡು ಲಕ್ಷದವರೆಗೆ ಮನ್ನಾ ಘೋಷಣೆಯಾಯಿತು.

2008ರ ಮನ್ನಾವನ್ನು ಪರಿಶೀಲಿಸಿದ ಮಹಾಲೇಖಪಾಲರ ವರದಿ 2013ರಲ್ಲಿ ಬಂತು. ಅರ್ಹರು ಹೊರಗೆ ಉಳಿದದ್ದೂ, ಅನರ್ಹರು ಒಳಗೆ ಸೇರಿದ್ದೂ ಅದರಲ್ಲಿ ಬಯಲಾಯಿತು. ಸರಕಾರವೇ ಮಾಡಿದ ಮನ್ನಾದಲ್ಲಿ ಕೂಡ ತನ್ನ ಹೆಸರು ಪಟ್ಟಿಯಲ್ಲಿದೆಯೇ, ತನಗೆ ಪತ್ರ ಬಂತೇ ಎಂದು ರೈತನೇ ನೋಡಿಕೊಳ್ಳಬೇಕಾಯಿತು ಎಂದ ಮೇಲೆ, ಮುಖ ಕಾಣದವರ ಫೋನಿನ ಮಾತಿಗೆ ಎಷ್ಟು ಬೆಲೆ ಕೊಡಬೇಕೆಂಬುದನ್ನು ನೀವೇ ಎಣಿಸಿರಿ.

ಈಗ ಬಂದವರು

ಈಗಿನ ಸಾಲ ಸೆಟ್ಲ್‌ಮೆಂಟ್ ಕಂಪನಿಗಳ ಕೆಲಸದ ಬಗೆ ಹೆಚ್ಚುಕಡಿಮೆ ಹೀಗಿರುತ್ತದೆ. ಕಂತು ಕಟ್ಟುವುದನ್ನು ನಿಲ್ಲಿಸಲು ಹೇಳುತ್ತಾರೆ. ಅದರ ಬದಲು ತಿಂಗಳಿಗೆ ಇಷ್ಟು ಎಂದು ಒಂದು ಖಾತೆಯಲ್ಲಿ ಕೂಡಿಡಿಸುತ್ತಾರೆ. ಸಾಲ ಸುಸ್ತಿಯಾಗಿ ಕೆಲವು ತಿಂಗಳಾದ ಮೇಲೆ ಬ್ಯಾಂಕಿನವರು ಬಂದಷ್ಟು ಬರಲಿ ಎಂಬ ಸ್ಥಿತಿಗೆ ಬಂದಾಗ ಮಾತುಕತೆ ಮಾಡುತ್ತಾರೆ. ತಮ್ಮ ಫೀ ತೆಗೆದುಕೊಳ್ಳುತ್ತಾರೆ. ಇವರಲ್ಲಿ ಎಲ್ಲರೂ ಮೋಸಗಾರರೆಂದು ನಾನು ಹೇಳುವುದಿಲ್ಲ. ನಗರದಲ್ಲಿ ಕ್ರೆಡಿಟ್ ಕಾರ್ಡಿನ ಸಾಲಕ್ಕೆ ಸಿಕ್ಕವರಿಗೆ ಕೆಲವರಿಂದ ಉಪಯೋಗವಾಗಿದ್ದರೂ ಆಗಿರಬಹುದು. ಲೆಕ್ಕ ಮಾತ್ರ ಹಾಕಿ ನೋಡಬೇಕು.

ಉದಾಹರಣೆಗೆ ಒಂದು ಲಕ್ಷ ರೂಪಾಯಿ ಸಾಲ ಎಂದಿಟ್ಟುಕೊಳ್ಳಿರಿ. ಕಂತು ನಿಲ್ಲಿಸಿದ ಮೇಲೆ ಬಡ್ಡಿ, ದಂಡ ಸೇರಿ ಅದು 1,30,000 ಆಯಿತು. ಅರ್ಧಕ್ಕೆ ರಾಜಿಯಾಯಿತು, 65,000 ರೂಪಾಯಿ. ಕಂಪನಿಯ ಫೀ ಮೂಲ ಸಾಲದ ಶೇಕಡಾ 15 ಎಂದರೆ 15,000. ಅದರ ಮೇಲೆ ಶೇಕಡಾ 18 ಜಿಎಸ್‌ಟಿ 2,700. ಒಟ್ಟು 82,700 ಆಯಿತು. 'ಅರ್ಧ' ಎಂದದ್ದು ಕೊನೆಗೆ ಮುಕ್ಕಾಲನ್ನೂ ದಾಟಿತು. ರಾಜಿ ಆಗದೇ ಹೋದರೆ 1,30,000ದ ಬಾಕಿ ಹಾಗೇ ನಿಲ್ಲುತ್ತದೆ, ಫೀ ಮೊದಲೇ ಕೊಟ್ಟಿದ್ದರೆ ಅದೂ ಹೋಯಿತು. ಸಾಲದ ದಾಖಲೆಯಲ್ಲಿ ಪೂರ್ತಿ ತೀರಿತು ಎಂಬುದರ ಬದಲು ರಾಜಿಯಲ್ಲಿ ತೀರಿತು ಎಂದು ಬರೆಯುತ್ತಾರೆ, ಮುಂದೆ ಸಾಲ ಕೇಳಲು ಹೋದಾಗ ಅದು ಅಡ್ಡ ಬರುತ್ತದೆ.

ಊರಿನಲ್ಲಿ ಇದರ ಪೆಟ್ಟು ಒಬ್ಬನಿಗೇ ನಿಲ್ಲುವುದಿಲ್ಲ. ನಗರದ ಕಾರ್ಡಿನ ಸಾಲಕ್ಕೆ ಜಾಮೀನುದಾರ ಇರುವುದಿಲ್ಲ. ನಮ್ಮಲ್ಲಿ ಸಾಲದ ಹಿಂದೆ ಜಾಮೀನು ನಿಂತವರು ಇರುತ್ತಾರೆ. ಕಂಪನಿಯ ಮಾತು ಕೇಳಿ ಒಬ್ಬ ಕಂತು ನಿಲ್ಲಿಸಿದರೆ ನೋಟೀಸು ಹೋಗುವುದು ಅವನ ಅಣ್ಣತಮ್ಮನಿಗೆ, ಬೀಗರಿಗೆ, ಬಾಜೂ ಹೊಲದವನಿಗೆ. ಗುಂಪು ಸಾಲದಲ್ಲಿ ಒಬ್ಬ ತಾಯಿ ಕಂತು ನಿಲ್ಲಿಸಿದರೆ ಉಳಿದ ತಾಯಂದಿರು ತಮ್ಮ ಸಂತೆಯ ರೊಕ್ಕ ಕೂಡಿಸಿ ಕಟ್ಟಬೇಕಾಗುತ್ತದೆ. ಸಾಲ ಹರಿಸಲು ಹೋಗಿ ಸಂಬಂಧ ಹರಿದಂತಾಗುತ್ತದೆ.

ಇಂಥ ಕಂಪನಿಗಳು ಬಹಳ ಹಿಂದೆಯೇ ಬೆಳೆದ ಅಮೆರಿಕದಲ್ಲಿಯೂ ಮುಂಗಡ ಫೀ ತಿಂದು ಕೆಲಸ ಮಾಡದವರ ದೂರು ಹೆಚ್ಚಿ, ಅಲ್ಲಿಯ ಫೆಡರಲ್ ಟ್ರೇಡ್ ಕಮಿಷನ್ 2010ರ ಅಕ್ಟೋಬರ್ 27ರಿಂದ ಒಂದು ನಿಯಮ ಜಾರಿಗೆ ತಂತು. ಫೋನಿನ ಮೂಲಕ ವ್ಯವಹಾರ ಮಾಡುವ ಕಂಪನಿ ಒಂದು ಸಾಲವನ್ನಾದರೂ ರಾಜಿ ಮಾಡಿಸಿ, ಅದರಂತೆ ಗಿರಾಕಿ ಒಂದು ಕಂತನ್ನಾದರೂ ಕಟ್ಟುವ ತನಕ ಫೀ ಮುಟ್ಟುವಂತಿಲ್ಲ. ನಮ್ಮಲ್ಲಿ ಭಾರತೀಯ ರಿಸರ್ವ್ ಬ್ಯಾಂಕು 2023ರ ಡಿಸೆಂಬರ್ 11ರಂದು ಸಾರ್ವಜನಿಕರಿಗೆ ಎಚ್ಚರಿಕೆ ಕೊಟ್ಟಿತು. ಕೆಲವರು ಸಾಲ ಮನ್ನಾ ಮಾಡಿಸುವೆವೆಂದು ಜಾಹೀರಾತು ಕೊಟ್ಟು, ಯಾವ ಅಧಿಕಾರವೂ ಇಲ್ಲದೆ 'ಸಾಲ ಮನ್ನಾ ಪ್ರಮಾಣಪತ್ರ' ಕೊಡುವುದಕ್ಕೆ ಫೀ ವಸೂಲು ಮಾಡುತ್ತಿದ್ದಾರೆ, ಅವರ ಬಲೆಗೆ ಬೀಳಬೇಡಿರಿ, ಕಂಡರೆ ಪೊಲೀಸರಿಗೆ ತಿಳಿಸಿರಿ ಎಂಬುದು ಅದರ ಸಾರಾಂಶ.

ಐದು ಪ್ರಶ್ನೆಗಳು

ಮೇಲಿನ ಇತಿಹಾಸವನ್ನೆಲ್ಲ ಹಿಂಡಿ ನೋಡಿದರೆ ಐದು ಪ್ರಶ್ನೆಗಳು ಉಳಿಯುತ್ತವೆ. ಸಾಲ ಹರಿಸಿಕೊಡುವೆನೆಂದು ಯಾರೇ ಬರಲಿ, ಇವನ್ನು ಕೇಳದೆ ಒಂದು ಪೈಸೆ ಕೊಡಬೇಡಿರಿ, ಒಂದು ಸಹಿ ಹಾಕಬೇಡಿರಿ.

1. ಲೆಕ್ಕ ಬುಡದಿಂದ ನೋಡಿದನೇ? ಅಸಲು, ಬಡ್ಡಿ, ದಂಡ, ಕಟ್ಟಿದ್ದು ಇವನ್ನು ಸಾಲ ಕೊಟ್ಟವರ ಹೇಳಿಕೆ ಪತ್ರದಿಂದ ಬಿಡಿಸಿ ತೋರಿಸದೆ "ಅರ್ಧಕ್ಕ ಮಾಡಿಸ್ತೀನಿ" ಎನ್ನುವವನು ರೋಗ ನೋಡದೆ ಔಷಧ ಕೊಡುವ ವೈದ್ಯನಿದ್ದಂತೆ.

2. ಫೀ ಯಾವಾಗ? ಕೆಲಸಕ್ಕೆ ಮೊದಲೇ ಹಣ ಕೇಳಿದರೆ ಅಲ್ಲಿಗೇ ಮಾತು ಮುಗಿಸಿರಿ. ನಿಮ್ಮ ಸಾಲ ಹರಿಯಲಿ ಬಿಡಲಿ, ಅವನ ಲಾಭ ಮೊದಲೇ ಹರಿದು ಬಂತು.

3. ಸಾಲ ಕೊಟ್ಟವರ ಒಪ್ಪಿಗೆ ಬರಹದಲ್ಲಿದೆಯೇ? ಸಾಲ ಇಳಿಸುವ ಅಧಿಕಾರ ಇರುವುದು ಕೊಟ್ಟವರಿಗೆ ಇಲ್ಲವೆ ನ್ಯಾಯಾಲಯ, ಸರಕಾರಕ್ಕೆ. ಬ್ಯಾಂಕುಗಳು ತಮ್ಮ ಆಡಳಿತ ಮಂಡಳಿ ಒಪ್ಪಿದ ನೀತಿಯಂತೆಯೇ ರಾಜಿ ಮಾಡಬೇಕೆಂದು ರಿಸರ್ವ್ ಬ್ಯಾಂಕು 2023ರ ಜೂನ್ 8ರಂದು ವಿಧಿಸಿದೆ. ಆದ್ದರಿಂದ ಬ್ಯಾಂಕಿನ ಮುದ್ರೆ, ಸಹಿ ಇರುವ ಪತ್ರ ಬರಬೇಕು. ವಾಟ್ಸಾಪಿನಲ್ಲಿ ಬಂದ ಚಿತ್ರ ಪತ್ರವಲ್ಲ. ಬಂದ ಪತ್ರವನ್ನೂ ಶಾಖೆಗೆ ಒಯ್ದು ತೋರಿಸಿರಿ.

4. ರೊಕ್ಕ ಯಾರ ಖಾತೆಗೆ? ರಾಜಿಯ ಹಣ ನಿಮ್ಮ ಸಾಲದ ಖಾತೆಗೇ ಹೋಗಬೇಕು, ಪಾವತಿ ಚೀಟಿ ನಿಮ್ಮ ಕೈಗೇ ಬರಬೇಕು. ನಡುವಿನವನ ಖಾತೆಗೆ ಹಾಕಿದ ಹಣ ಸಾಲಕ್ಕೆ ಕಟ್ಟಿದಂತಲ್ಲ. ಖಾಲಿ ಚೆಕ್ಕು, ಖಾಲಿ ಬಾಂಡಿನ ಮೇಲೆ ಸಹಿ, ಫೋನಿಗೆ ಬಂದ ಒಟಿಪಿ ಇವನ್ನು ಯಾರಿಗೂ ಕೊಡಬೇಡಿರಿ. ಖರೀದಿ ಪತ್ರದ ಕಥೆ ಮರೆಯಬೇಡಿರಿ.

5. ಕೊನೆಗೆ ಕೈಯಲ್ಲಿ ಏನು ಉಳಿಯುತ್ತದೆ? ಬೇಬಾಕಿ ಪತ್ರ, ಜಾಮೀನುದಾರರ ಬಿಡುಗಡೆ, ಅಡವಿಟ್ಟ ಕಾಗದಗಳು ತಿರುಗಿ ಬಂದರೆ ಮಾತ್ರ ಸಾಲ ಹರಿದಂತೆ. ಮನೆಸಾಲದಂಥ ವೈಯಕ್ತಿಕ ಸಾಲಗಳಲ್ಲಿ ಪೂರ್ತಿ ತೀರಿದ 30 ದಿವಸದೊಳಗೆ ಆಸ್ತಿಯ ಮೂಲ ಕಾಗದ ತಿರುಗಿ ಕೊಡದಿದ್ದರೆ ದಿನಕ್ಕೆ 5,000 ರೂಪಾಯಿ ಪರಿಹಾರ ಕೊಡಬೇಕೆಂಬ ನಿಯಮ 2023ರ ಡಿಸೆಂಬರ್ 1ರಿಂದ ಜಾರಿಯಲ್ಲಿದೆ.

ಫೀ ಇಲ್ಲದ ಬಾಗಿಲುಗಳು

ಮೊದಲ ಬಾಗಿಲು ಸಾಲ ಕೊಟ್ಟವರದೇ. ಬೆಳೆ ಹೋಯಿತು, ಮನೆಯಲ್ಲಿ ಬೇನೆಯಾಯಿತು ಎಂಬುದನ್ನು ಬರೆದು, ಕಂತಿನ ಅವಧಿ ಹೆಚ್ಚಿಸಿರೆಂದು ಇಲ್ಲವೆ ಒಂದೇ ಸಲದ ತೀರುವಳಿಗೆ ಅವಕಾಶ ಕೊಡಿರೆಂದು ಅರ್ಜಿ ಕೊಡಿರಿ, ಮುಟ್ಟಿದ ಸಹಿ ಪಡೆಯಿರಿ. ಕಂತು ನಿಲ್ಲಿಸುವ ಮೊದಲು ಹೋದವನ ಮಾತಿಗೆ ತೂಕ ಹೆಚ್ಚು.

ಎರಡನೆಯದು ಲೋಕ ಅದಾಲತ್. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯದೆ 1995ರ ನವೆಂಬರ್ 9ರಿಂದ ಜಾರಿಯಲ್ಲಿದೆ. ತಾಲೂಕು ಕೋರ್ಟಿನ ಆವರಣದಲ್ಲಿರುವ ಕಾನೂನು ಸೇವಾ ಸಮಿತಿಗೆ ಅರ್ಜಿ ಕೊಟ್ಟರೆ ದಾವೆ ಹೂಡುವ ಮೊದಲೇ ಇಬ್ಬರನ್ನೂ ಕರೆಸಿ ರಾಜಿ ಮಾಡಿಸುತ್ತಾರೆ. ಫೀ ಇಲ್ಲ. ಅಲ್ಲಿ ಆದ ರಾಜಿ ಕೋರ್ಟಿನ ಡಿಕ್ರಿಗೆ ಸಮ, ಅದರ ಮೇಲೆ ಅಪೀಲು ಇಲ್ಲ. ಹಳೆಯ ಋಣ ಮಂಡಳಿಗಳ ಗುಣ ಇಂದು ಉಳಿದಿರುವುದು ಇಲ್ಲಿಯೇ. ಸಹಾಯವಾಣಿ 15100.

ಮೂರನೆಯದು ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್. ಬ್ಯಾಂಕಿಗೆ ದೂರು ಕೊಟ್ಟು 30 ದಿವಸದಲ್ಲಿ ಉತ್ತರ ಬಾರದಿದ್ದರೆ ಪುಕ್ಕಟೆಯಾಗಿ ದೂರು ಕೊಡಬಹುದು. ವಸೂಲಿಗಾರರು ಮುಂಜಾನೆ 8ಕ್ಕಿಂತ ಮೊದಲು, ಸಂಜೆ 7ರ ಮೇಲೆ ಫೋನು ಮಾಡಿ ಕಾಡಬಾರದೆಂದು 2022ರ ಆಗಸ್ಟಿನಲ್ಲಿ ರಿಸರ್ವ್ ಬ್ಯಾಂಕು ಆದೇಶಿಸಿತು, ಮೈಕ್ರೋ ಫೈನಾನ್ಸಿಗೆ ಈ ಹೊತ್ತು ಇನ್ನೂ ಕಡಿಮೆ. "ಅವರ ಕಾಟ ತಪ್ಪಿಸ್ತೀವಿ" ಎಂದು ಹಣ ಕೇಳುವವರ ಹಂಗು ಇದಕ್ಕೆ ಬೇಕಿಲ್ಲ.

ನಾಲ್ಕನೆಯದು ಖಾಸಗಿ ಬಡ್ಡಿಯವರ ವಿಷಯ. ವಿಪರೀತ ಬಡ್ಡಿಯನ್ನು ನಿಷೇಧಿಸುವ 2004ರ ಕಾಯದೆ ನಮ್ಮ ರಾಜ್ಯದಲ್ಲಿದೆ. ಸಣ್ಣ ಸಾಲಗಳ ಬಲವಂತದ ವಸೂಲಿಯನ್ನು ತಡೆಯಲು 2025ರಲ್ಲಿ ಬಂದ ಕಾನೂನಿನಲ್ಲಿ 10 ವರುಷದವರೆಗೆ ಜೈಲು, 5 ಲಕ್ಷ ರೂಪಾಯಿವರೆಗೆ ದಂಡ ಇದೆ. ಮನೆಮುಂದೆ ಬಂದು ಹೆದರಿಸಿದರೆ ಪೊಲೀಸ್ ಠಾಣೆಗೆ ಹೋಗಲು ನಾಚಿಕೆ ಬೇಡ.

ನಮ್ಮ ಸಂಘಕ್ಕೂ ಇದೇ ಅಳತೆಗೋಲು

ಸದಸ್ಯ ಬಾಂಧವರೇ, ಪರರನ್ನು ಅಳೆಯುವ ಕೋಲು ನಮ್ಮ ಮೈಗೂ ತಾಗಬೇಕು. ನಮ್ಮ ಸಂಘವೂ ಸಾಲ ಕೊಡುವ ಸಂಸ್ಥೆಯೇ. ಸದಸ್ಯನೊಬ್ಬ ತನ್ನ ಲೆಕ್ಕ ಕೇಳಲು ಬಂದರೆ "ನಾಳೆ ಬಾ" ಎನ್ನದೆ ಪುಸ್ತಕ ಬಿಚ್ಚುತ್ತೇವೆಯೇ? ಕಟ್ಟಿದ ಪ್ರತಿ ರೂಪಾಯಿಗೆ ಅಂದೇ ಪಾವತಿ ಚೀಟಿ ಕೊಡುತ್ತೇವೆಯೇ? ಸರಕಾರದ ಬಡ್ಡಿ ರಿಯಾಯಿತಿ ಬಂದಾಗ ಅದು ಎಲ್ಲರಿಗೂ ತಿಳಿಯುವಂತೆ ಡಂಗುರ ಹೊಡೆಸುತ್ತೇವೆಯೇ? ಸಹಕಾರ ಸಂಸ್ಥೆಗಳ ಮಧ್ಯಮಾವಧಿ, ದೀರ್ಘಾವಧಿ ಸಾಲದ ಅಸಲು ಕಟ್ಟಿದವರಿಗೆ ಬಡ್ಡಿ ಮನ್ನಾ ಮಾಡುವುದಾಗಿ ರಾಜ್ಯ ಸರಕಾರ 2023ರ ಡಿಸೆಂಬರಿನಲ್ಲಿ ಘೋಷಿಸಿತ್ತು. ಇಂಥ ಸುದ್ದಿ ನೋಟೀಸು ಬೋರ್ಡಿನಲ್ಲೇ ಉಳಿದರೆ, ಓದಲು ಬಾರದ ತಾಯಂದಿರಿಗೆ ತಲುಪುವುದು ನಡುವಿನವರ ಬಾಯಿಂದಲೇ, ಅವರ ಫೀ ಸಮೇತ.

ನನ್ನದೊಂದು ಬಿನ್ನಹ. ಬೆಳ್ಳಿಹಬ್ಬದ ನೆನಪಿಗೆ ಸಂಘವು ತಿಂಗಳಿಗೊಂದು ದಿವಸ 'ಸಾಲದ ಲೆಕ್ಕ ನೋಡುವ ದಿನ' ಇಟ್ಟುಕೊಳ್ಳಲಿ. ಸಂಘದ ಸಾಲವಿರಲಿ, ಬ್ಯಾಂಕಿನದಿರಲಿ, ಫೈನಾನ್ಸಿನದಿರಲಿ, ಸದಸ್ಯರು ತಮ್ಮ ಕಾಗದಗಳನ್ನು ತಂದು ಓದಿಸಿಕೊಳ್ಳಲಿ. ಕಾರ್ಯದರ್ಶಿಗಳು, ಊರಿನ ಓದಿದ ಹುಡುಗ ಹುಡುಗಿಯರು ಎರಡು ತಾಸು ಕೂತು ಅಸಲು ಎಷ್ಟು, ಬಡ್ಡಿ ಎಷ್ಟು ಎಂದು ಬಿಡಿಸಿ ಬರೆದುಕೊಡಲಿ. ಅರ್ಜಿ ಬರೆಯಲು ಸಹಾಯ ಮಾಡಲಿ. ಒಬ್ಬರ ಸಾಲದ ಮಾತು ಹೊರಗೆ ಹೋಗದಂತೆ ಗುಟ್ಟು ಕಾಯಲಿ. ನಾಚಿಕೆಯಿಂದ ಮುಚ್ಚಿಟ್ಟ ಸಾಲವೇ ಹೊರಗಿನವರ ಬಂಡವಾಳ. ಇದಕ್ಕೆ ದೊಡ್ಡ ಖರ್ಚಿಲ್ಲ, ಒಂದು ಚಾಪೆ, ನಾಲ್ಕು ಕಪ್ಪು ಚಹಾ ಸಾಕು.

ಸೂಪೆಯ ರೈತರು ತಮಗೆ ಓದಲು ಬಾರದ ಕಾಗದಗಳನ್ನು ಸುಟ್ಟರು. ಕಣಗಿನಹಾಳದ ರೈತರು ತಾವೇ ಪುಸ್ತಕ ಬರೆಯಲು ಕೂತರು. ಸಂಕಟ ಇಬ್ಬರದೂ ಒಂದೇ, ದಾರಿ ಬೇರೆ. ನಾವು ಹಿಡಿದದ್ದು ಕಣಗಿನಹಾಳದವರ ದಾರಿ. ಆ ದಾರಿಯಲ್ಲಿ ಇಪ್ಪತ್ತೈದು ವರುಷ ನಡೆದ ನಮ್ಮ ಸಂಘದ ಪುಸ್ತಕ ಮುಂದಿನ ಇಪ್ಪತ್ತೈದು ವರುಷವೂ ಎಲ್ಲರ ಎದುರಿಗೆ ಬಿಚ್ಚಿಯೇ ಇರಲಿ, ನಮ್ಮ ಯಾವ ಸದಸ್ಯನೂ ಲೆಕ್ಕ ತಿಳಿಯದೆ ಸಹಿ ಹಾಕುವಂತಾಗದಿರಲಿ ಎಂದು ಹಾರೈಸುತ್ತೇನೆ.

ನಾನು ಎಲ್ಲರಿಗಾಗಿ, ಎಲ್ಲರೂ ನನಗಾಗಿ.